ಮರ್ಯಾದೆಯ ಮೈಕು

ನನಗೆ ಹಾಡು ಎಂದರೆ ಆಗುವುದಿಲ್ಲ. ಹಾಡುವವರ ಮೇಲೆ ಸಿಟ್ಟಿಲ್ಲ, ಆದರೆ ಅವರು ಹಾಡುವಾಗ ನಾನು ಬೇರೆಲ್ಲಾದರೂ ಇದ್ದರೆ ಒಳ್ಳೆಯದು. ಇಂಥವನ ಮನೆಯ ಹಿಂದೆಯೇ ಒಂದು ರೆಕಾರ್ಡಿಂಗ್ ಸ್ಟುಡಿಯೋ ಹುಟ್ಟಿಕೊಂಡಿತು ಎಂದರೆ ಅದು ನನ್ನ ಹಣೆಬರಹ, ಇನ್ನೇನು.

ಗೋಣಿಬೀಡಿನಲ್ಲಿ ನಮ್ಮದು ಸಣ್ಣ ತೋಟ. ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಪಲ್ಪ್ ಮಾಡಿ, ಒಣಗಿಸಿ, ಆ ಪಾರ್ಚ್‌ಮೆಂಟ್ ಬೀಜವನ್ನು ಮನೆ ಹಿಂದಿನ ಗೋಡೌನಿನಲ್ಲಿ ತುಂಬಿಡುತ್ತಿದ್ದೆವು. ಈಗ ಆಳುಗಳೂ ಸಿಗುವುದಿಲ್ಲ, ನನ್ನ ಮೈಯಲ್ಲಿ ಕಸುವೂ ಇಲ್ಲ. ಹಣ್ಣನ್ನು ಕೊಯ್ದ ಹಾಗೆಯೇ ಮಾರಿಬಿಡುತ್ತೇನೆ. ಗೋಡೌನು ಇಲಿಗಳ ಪಾಲಾಗಿತ್ತು. ಲಾಕ್‌ಡೌನ್ ಮುಗಿದ ವರ್ಷ ವಸೀಮ ಬಂದು ಅದನ್ನು ಬಾಡಿಗೆಗೆ ಕೇಳಿದ. ಗೋಡೆ ದಪ್ಪ ಇದೆ, ಕಿಟಕಿ ಚಿಕ್ಕದು, ತನಗೆ ಇಂಥದ್ದೇ ಬೇಕು ಎಂದ. ಹೊರಗಿನ ಸದ್ದು ಒಳಗೆ ಹೋಗಬಾರದು ಎಂಬುದು ಅವನ ಚಿಂತೆ, ಒಳಗಿನದು ಹೊರಗೆ ಬರಬಾರದು ಎಂಬುದು ನನ್ನದು. ಹಾಗಾಗಿ ಮಾತುಕತೆ ಬೇಗ ಮುಗಿಯಿತು.

ವಸೀಮ ಹೊಸಬನೇನಲ್ಲ. ಅವನ ಅಪ್ಪ ಫಜಲುಲ್ಲಾ ಸಾಹೇಬರು ಬಸ್‌ಸ್ಟ್ಯಾಂಡಿನ ಪಕ್ಕದ ಶೆಡ್ಡಿನಲ್ಲಿ ಜೀಪು, ಪಲ್ಪರು, ಡೀಸೆಲ್ ಎಂಜಿನ್ನು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವರು. ಮಗ ಆ ಗದ್ದಲದಲ್ಲೇ ಬೆಳೆದ. ಓದು ತಲೆಗೆ ಹತ್ತಲಿಲ್ಲ. ಮದುವೆ ಮನೆಗಳಿಗೆ ಮೈಕ್‌ಸೆಟ್ ಕಟ್ಟಲು ಹೋದ. ಅಲ್ಲಿಂದ ಬೆಂಗಳೂರಿನ ಒಂದು ಡಬ್ಬಿಂಗ್ ಸ್ಟುಡಿಯೋಗೆ ಹೋಗಿ ಮೊದಲು ಟೀ ತಂದ, ಆಮೇಲೆ ವೈರು ಸುತ್ತಿದ, ಆಮೇಲೆ ರೆಕಾರ್ಡರುಗಳನ್ನು ಜೋಡಿಸಿ ಕೊಡುವ ಕೆಲಸವೇ ಅವನದಾಯಿತು. ಲಾಕ್‌ಡೌನಿನಲ್ಲಿ ಆ ಸ್ಟುಡಿಯೋ ಬಾಗಿಲು ಹಾಕಿತು. ಅಲ್ಲಿದ್ದ ಒಂದು ಹಳೆಯ ಡಿಜಿಟಲ್ ರೆಕಾರ್ಡರನ್ನು ಕೊಂಡುಕೊಂಡು, ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದ.

ಗೋಡೌನಿನ ಗೋಡೆಗೆಲ್ಲ ಕಾಫಿ ಸಿಪ್ಪೆ ತುಂಬಿದ ಗೋಣಿಚೀಲ ನೇತುಹಾಕಿದ. ಪೇಟೆಯಲ್ಲಿ ಇದಕ್ಕೆ ಏನೋ ದುಬಾರಿ ಸ್ಪಂಜು ಅಂಟಿಸುತ್ತಾರಂತೆ. ಇಲ್ಲಿ ಸಿಪ್ಪೆಗೇನು ಬರ. ಒಳಗೆ ಹೋದರೆ ಹಳೆಯ ಸುಗ್ಗಿಯ ವಾಸನೆ ಬರುತ್ತದೆ, ಮಾತಾಡಿದರೆ ನಮ್ಮ ಮಾತು ನಮ್ಮ ಬಾಯಿಯ ಹತ್ತಿರವೇ ಸತ್ತುಹೋಗುತ್ತದೆ.

ಅವನ ಕೆಲಸವನ್ನು ನಾನು ನಿಧಾನಕ್ಕೆ ಅರ್ಥ ಮಾಡಿಕೊಂಡೆ. ಬಾಳೂರಿನಿಂದ ಚಿಕ್ಕಮಗಳೂರಿನವರೆಗೆ ಎಷ್ಟೋ ಜನ ಆನ್‌ಲೈನಿನಲ್ಲಿ ರೆಕಾರ್ಡರು ತರಿಸಿ, ಡಬ್ಬಿ ಬಿಚ್ಚಿ, ಒಳಗಿನ ಗುಂಡಿಗಳನ್ನು ನೋಡಿ ದಂಗಾಗಿ ವಸೀಮನಿಗೆ ಫೋನು ಮಾಡುತ್ತಾರೆ. ಚರ್ಚಿನವರು, ಮಠದವರು, ಹೋಮ್‌ಸ್ಟೇಯವರು. ಇವನು ಜೀಪು ಹತ್ತಿ ಹೋಗಿ ಜೋಡಿಸಿಕೊಟ್ಟು ಬರುತ್ತಾನೆ. ಇನ್ನು ಉಳಿದ ದಿನ ನಮ್ಮ ಗೋಡೌನಿನಲ್ಲಿ ಸಣ್ಣಪುಟ್ಟ ಸಿನಿಮಾದವರ ಡಬ್ಬಿಂಗು, ಸಾಕ್ಷ್ಯಚಿತ್ರದವರಿಗೆ ಬೇಕಾದ ಸದ್ದು, ಮಂಡಳಿಗಳ ಭಜನೆ.

ಬಹಳ ಟ್ರ್ಯಾಕಿನ ರೆಕಾರ್ಡರು ಎಂದರೆ ಪಂಕ್ತಿಯಲ್ಲಿ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿದ ಹಾಗೆ. ಪ್ರತಿ ಮೈಕಿಗೂ ಒಂದು ಟ್ರ್ಯಾಕು. ಎಲ್ಲರೂ ಒಟ್ಟಿಗೆ ಹಾಡಿದರೂ ಯಂತ್ರದೊಳಗೆ ಪ್ರತಿಯೊಬ್ಬರ ದನಿ ಬೇರೆಬೇರೆ ಇರುತ್ತದೆ. ಆಮೇಲೆ ಕೂತು ಒಬ್ಬರದನ್ನು ಏರಿಸಬಹುದು, ಇನ್ನೊಬ್ಬರದನ್ನು ಇಳಿಸಬಹುದು, ಬೇಡವಾದರೆ ಪೂರ್ತಿ ಮುಚ್ಚಬಹುದು. ಆದರೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂತರೆ ಒಬ್ಬರ ದನಿ ಪಕ್ಕದವರ ಮೈಕಿಗೂ ಅಷ್ಟಿಷ್ಟು ಹೋಗುತ್ತದೆ. ಪಕ್ಕದ ಎಲೆಯ ಸಾರು ನಮ್ಮ ಎಲೆಗೆ ಹರಿದು ಬರುವುದಿಲ್ಲವೇ, ಹಾಗೆ. ಇದಕ್ಕೆ ವಸೀಮ ಲೀಕೇಜು ಎನ್ನುತ್ತಾನೆ.

ಅವನಿಗೆ ಅವನದೇ ಶಾಸ್ತ್ರಗಳಿವೆ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸಬಾರದು, ಆ ರೆಕಾರ್ಡರಿನೊಳಗೇ ಅಳಿಸಿ ಹೊಸದು ಮಾಡಬೇಕು. ಎರಡು ಯಂತ್ರ ಜೋಡಿಸಿದರೆ ಒಂದರ ಗಡಿಯಾರ ಮಾತ್ರ ನಡೆಯಬೇಕು, ಇನ್ನೊಂದು ಅದನ್ನು ಅನುಸರಿಸಬೇಕು. ಇಬ್ಬರು ಮೇಸ್ತ್ರಿಗಳು ಸೀಟಿ ಊದಿದರೆ ಆಳುಗಳು ಎಲ್ಲಿಗೆ ಹೋಗುವುದು. ಜನ ಬರುವ ಮೊದಲೇ ಪ್ರತಿ ಟ್ರ್ಯಾಕಿಗೂ ಅವರವರ ಹೆಸರು ಬರೆದಿಡಬೇಕು. ಎಲ್ಲಕ್ಕಿಂತ ವಿಚಿತ್ರವಾದ ಶಾಸ್ತ್ರ ಕೊನೆಯದು. ಜನ ಒಳಗೆ ಕಾಲಿಡುವ ಮೊದಲೇ ರೆಕಾರ್ಡಿಂಗ್ ಶುರು ಮಾಡುತ್ತಾನೆ, ಕೊನೆಯವರು ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ನಿಲ್ಲಿಸುತ್ತಾನೆ. ನಮ್ಮ ಕಡೆಯವರಿಗೆ ‘ರೆಡಿ’ ಎಂದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಯಾವಾಗ ಶುರುವಾಯಿತು ಎಂದು ಗೊತ್ತೇ ಆಗಬಾರದು ಎನ್ನುತ್ತಾನೆ.

ಈಗ ಸುಬ್ಬಣ್ಣನವರ ವಿಚಾರಕ್ಕೆ ಬರುತ್ತೇನೆ. ಬಾಳೂರಿನ ಹತ್ತಿರ ಒಳ್ಳೆಯ ಎಸ್ಟೇಟು, ಒಳ್ಳೆಯ ಮನಸ್ಸು, ಮೊಣಕಾಲು ನೋವು, ಕೈಯಲ್ಲಿ ಒಂದು ಬೆತ್ತದ ಕೋಲು. ವಸೀಮ ಊರಿಗೆ ಬಂದಾಗ ಇವನಿಗೆ ಮೊದಲು ಕೆಲಸ ಕೊಟ್ಟವರು ಅವರೇ. ‘ಫಜಲುಲ್ಲಾ ನನ್ನ ಪಲ್ಪರ್ ಒಂದು ಸುಗ್ಗಿಯಲ್ಲೂ ನಿಲ್ಲದ ಹಾಗೆ ನೋಡಿಕೊಂಡವನು, ಅವನ ಮಗ ಕೆಟ್ಟ ಕೆಲಸ ಮಾಡುತ್ತಾನಾ’ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಕಳಿಸುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯನಿಗೆ ದೇವರು ಒಂದೇ ಒಂದು ಕೊಡುವುದನ್ನು ಮರೆತಿದ್ದ, ಶ್ರುತಿ. ದನಿ ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಅವರು ಊರಿನ ಭಜನಾ ಮಂಡಳಿ ಕಟ್ಟಿ ಬೆಳೆಸಿದವರು. ಮಂಡಳಿ ಒಂದು ಕಡೆ ಹಾಡಿದರೆ ಇವರು ಇನ್ನೊಂದು ಕಡೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಅವರು ಮನೆಯಲ್ಲಿ ಹಾಡಲು ಕೂತರೆ ಒಳಗೆ ಮಿಕ್ಸಿ ಶುರುವಾಗುತ್ತದೆ ಎಂದು ಬಾಳೂರಿನಲ್ಲಿ ತಮಾಷೆಯಿತ್ತು. ದಿನಾ ಸಂಜೆ ಅದೇ ಹೊತ್ತಿಗೆ ಅವರ ಹೆಂಡತಿ ವಸಂತಮ್ಮನವರಿಗೆ ಚಟ್ನಿ ರುಬ್ಬುವ ತುರ್ತು ಯಾಕೆ ಬೀಳುತ್ತಿತ್ತು ಎಂದು ಯಾರೂ ಕೇಳಲಿಲ್ಲ.

ಹೇಳುವವರು ಯಾರು. ನಮ್ಮ ಕಡೆ ಹಿರಿಯರ ಮುಖಕ್ಕೆ ಇಲ್ಲ ಎನ್ನುವುದಿಲ್ಲ. ಊಟಕ್ಕೆ ಬನ್ನಿ ಎಂದರೆ ಹೊಟ್ಟೆ ತುಂಬಿದ್ದರೂ ಹೋಗುತ್ತೇವೆ. ಹಾಗೆ ಎಷ್ಟೋ ವರ್ಷ ಸುಬ್ಬಣ್ಣನವರು ಹಾಡಿದರು, ಮಂಡಳಿ ತಾಳ ತಟ್ಟಿತು.

ಮಂಡಳಿಯ ಹಾಡುಗಳನ್ನು ರೆಕಾರ್ಡ್ ಮಾಡಿಸಬೇಕು ಎಂದು ಹೊರಟವರೂ ಅವರೇ. ಹಾರ್ಮೋನಿಯಂ ನುಡಿಸುವ ಚನ್ನಕೇಶವ ಮೇಷ್ಟ್ರಿಗೆ ಎದೆ ಧಸಕ್ಕೆಂದಿತು. ದೇವಸ್ಥಾನದಲ್ಲಾದರೆ ಗಾಳಿಗೆ ಹೋಗುವ ಹಾಡು, ಇದು ಉಳಿಯುವಂಥದ್ದು. ಮುಂದಿನವರು ಕೇಳುವಂಥದ್ದು. ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತು ವಸೀಮನನ್ನು ಕರೆಸಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಸುತ್ತಿಬಳಸಿ ಮಾತಾಡಿದರು. ಕೊನೆಗೆ ವಸೀಮನೇ ಅರ್ಥ ಮಾಡಿಕೊಂಡು, ಬೆಂಗಳೂರಿನಲ್ಲಿ ಇದಕ್ಕೆ ಒಂದು ದಾರಿ ಇದೆ, ಹೆಸರೂ ಇದೆ ಎಂದ. ದುಡ್ಡು ಹಾಕಿದ ಯಜಮಾನರಿಗೆ, ಅವರ ಭಾವಮೈದುನನಿಗೆ ಹಾಡುವ ಆಸೆ ಬಂದರೆ ಅವರ ಮುಂದೆ ಎಲ್ಲಕ್ಕಿಂತ ಚೆಂದದ ಮೈಕು ಇಡುತ್ತಾರಂತೆ, ವೈರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಮರ್ಯಾದೆಯ ಮೈಕು ಎನ್ನುತ್ತಾರೆ. ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ, ನಿಟ್ಟುಸಿರು ಬಿಟ್ಟು ಕಾಫಿ ಕುಡಿದರು.

ಆದರೆ ಸುಬ್ಬಣ್ಣನವರು ಮುಂಚೆಯೇ ಒಮ್ಮೆ ಬಂದು ಯಂತ್ರ ನೋಡಿ ಹೋಗಿದ್ದರು. ಪ್ರತಿ ಟ್ರ್ಯಾಕಿಗೂ ಒಂದು ಕೆಂಪು ದೀಪ ಉರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ತಮ್ಮ ದೀಪ ಯಾವುದು ಎಂದು ಕೇಳಿ ತಿಳಿದುಕೊಂಡಿದ್ದರು. ಹಾಗಾಗಿ ವಸೀಮ ಕೊನೆಯ ಟ್ರ್ಯಾಕಿಗೆ ‘ಸುಬ್ಬಣ್ಣ’ ಎಂದು ಹೆಸರು ಬರೆದ, ದೀಪವನ್ನೂ ಉರಿಸಿದ. ಮೈಕಿನಿಂದ ಹೊರಟ ವೈರು ಗೋಣಿಚೀಲದ ಹಿಂದೆ ಹೋಗಿ ಅಲ್ಲೇ ಮಲಗಿತು.

ರೆಕಾರ್ಡಿಂಗ್ ಆದದ್ದು ಹೂಮಳೆಗೆ ಎಲ್ಲರೂ ಕಾಯುತ್ತಿದ್ದ ದಿನಗಳಲ್ಲಿ. ಗಿಡಗಳಲ್ಲಿ ಮೊಗ್ಗು ನಿಂತಿತ್ತು. ಮಳೆ ಬಿದ್ದರೆ ಹೂವು, ಬೀಳದಿದ್ದರೆ ಆ ವರ್ಷದ ಕಾಫಿ ಕೈಬಿಟ್ಟ ಹಾಗೆ. ಮಂಡಳಿ ಅರ್ಧಚಂದ್ರಾಕಾರದಲ್ಲಿ ಕೂತಿತು. ಮೊಣಕಾಲಿನಿಂದಾಗಿ ಸುಬ್ಬಣ್ಣನವರಿಗೆ ಗೋಡೆಯ ಪಕ್ಕದಲ್ಲಿ ಕುರ್ಚಿ. ಅವರ ಪಕ್ಕದಲ್ಲಿ ತಬಲದ ಲಿಂಗಪ್ಪ. ಲಿಂಗಪ್ಪ ಅವರ ಎಸ್ಟೇಟಿನಲ್ಲೇ ಮೇಸ್ತ್ರಿಯಾಗಿದ್ದು ನಿವೃತ್ತನಾದವನು, ಭಜನೆಯಲ್ಲಿ ಇಬ್ಬರೂ ಜೋಡಿ. ನಾನು ಅಷ್ಟು ಹೊತ್ತು ತೋಟದ ಕೆಳಗಿನ ತುದಿಯಲ್ಲಿ ಏನೋ ಕೆಲಸ ಹುಡುಕಿಕೊಂಡಿದ್ದೆ.

ಮಧ್ಯಾಹ್ನ ಕಳೆಯುವಾಗ ಗುಡುಗು ಶುರುವಾಯಿತು. ಮೊದಲ ಗುಡುಗಿಗೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಮೇನ್ ಸ್ವಿಚ್ ಇಳಿಸುವುದು ಇಲ್ಲಿಯ ಪದ್ಧತಿ, ಇಲ್ಲವಾದರೆ ಟಿವಿ, ಫ್ರಿಜ್ಜು ಎಲ್ಲ ಬೂದಿ. ನಾನು ಓಡಿ ಬಂದು ಇಳಿಸಿದೆ. ವಸೀಮ ಗೋಡೌನಿನ ಲೈನು ಕಿತ್ತುಹಾಕಲು ಹೊರಗೆ ಬಂದ; ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ಮಳೆ ಹನಿಯಿತು. ಭಜನೆ ಎಲ್ಲಿಯದು. ಇಡೀ ಮಂಡಳಿ ದೇವರನ್ನು ಅರ್ಧ ಸಾಲಿನಲ್ಲೇ ಬಿಟ್ಟು ಅಂಗಳಕ್ಕೆ ಬಂತು, ಎಲ್ಲರ ಕಿವಿಯಲ್ಲೂ ಫೋನು. ನಿಮ್ಮಲ್ಲಿ ಎಷ್ಟು ಸೆಂಟ್ ಮಳೆ, ಬಾಳೂರಲ್ಲಿ ಶುರುವಾಯಿತಾ, ವಸ್ತಾರೆ ಕಡೆ ಮೋಡ ಇದೆಯಾ. ಸುಬ್ಬಣ್ಣನವರು ಮೊಣಕಾಲಿನಿಂದಾಗಿ ಏಳಲಿಲ್ಲ, ಅವರಿಗೆ ಜೊತೆಯಾಗಿ ಲಿಂಗಪ್ಪನೂ ಏಳಲಿಲ್ಲ. ಮಳೆ ನಿಂತ ಮೇಲೆ ಎಲ್ಲರೂ ಖುಷಿಯಿಂದ ಒಳಗೆ ಹೋಗಿ ಉಳಿದ ಹಾಡು ಮುಗಿಸಿದರು.

ಹಾಡುಗಳು ಚೆನ್ನಾಗಿ ಬಂದವು ಎಂದು ತಿಳಿದವರು ಹೇಳಿದರು. ಸುಬ್ಬಣ್ಣನವರು ಪೆನ್‌ಡ್ರೈವುಗಳಿಗೆ ತುಂಬಿಸಿ ನೆಂಟರಿಷ್ಟರಿಗೆಲ್ಲ ಹಂಚಿದರು. ಇದರಲ್ಲಿ ನಿಮ್ಮ ದನಿ ಎಲ್ಲಿ ಎಂದು ಯಾರೋ ತಲೆಹರಟೆಯವನು ಕೇಳಿದ್ದಕ್ಕೆ, ಹಾಡು ಹೇಳಿಕೊಡುವವರು ಮುಂದಿರಬೇಕು, ನನ್ನನ್ನು ಹಿಂದೆ ಇಟ್ಟಿದ್ದಾನೆ, ವಸೀಮನಿಗೆ ಕೆಲಸ ಗೊತ್ತು ಎಂದರಂತೆ. ಪಾಪ, ನಂಬಿಬಿಟ್ಟಿದ್ದಾರೆ ಎಂದು ನಾವು ಅಂದುಕೊಂಡೆವು.

ಮಳೆಗಾಲ ಕಳೆದು, ಕೊಯ್ಲು ಶುರುವಾಗುವ ಹೊತ್ತಿಗೆ ಸುಬ್ಬಣ್ಣನವರು ತೀರಿಕೊಂಡರು. ಎದೆನೋವು ಎಂದು ಜೀಪಿನಲ್ಲಿ ಕೂರಿಸಿದ್ದಷ್ಟೇ. ಮಂಡಳಿಯ ಹಾಡನ್ನೇ ಹಾಕಿ ಅವರನ್ನು ಕಳಿಸಿಕೊಟ್ಟರು. ಅದರಲ್ಲಿ ಅವರೊಬ್ಬರ ದನಿ ಬಿಟ್ಟು ಎಲ್ಲರದೂ ಇತ್ತು.

ಕೆಲವು ವಾರ ಕಳೆದ ಮೇಲೆ ವಸಂತಮ್ಮನವರು ಗೋಡೌನಿಗೆ ಬಂದರು. ನಾನು ಕಾಫಿ ತೆಗೆದುಕೊಂಡು ಹೋಗಿದ್ದೆ, ಹಾಗಾಗಿ ಅಲ್ಲೇ ಇದ್ದೆ. ಅವರು ಅಳಲಿಲ್ಲ, ಸುತ್ತಿಬಳಸಿ ಮಾತಾಡಲೂ ಇಲ್ಲ. ಹಾಡನ್ನು ಎಷ್ಟು ಸಲ ಕೇಳಿದರೂ ಅದರಲ್ಲಿ ತಮ್ಮ ಯಜಮಾನರು ಸಿಗುತ್ತಿಲ್ಲ ಎಂದರು. ಸುಬ್ಬಣ್ಣನವರಿಗೆ ಫೋನಿನಲ್ಲಿ ಮಾತಾಡುವುದೇ ಆಗುತ್ತಿರಲಿಲ್ಲ, ವಿಡಿಯೋ ಎಂದರೆ ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಫೋಟೋಗಳು ಬೇಕಾದಷ್ಟಿವೆ, ದನಿ ಎಲ್ಲೂ ಇಲ್ಲ. ಈ ಯಂತ್ರದಲ್ಲಿ ಪ್ರತಿಯೊಬ್ಬರದೂ ಬೇರೆಬೇರೆ ಇರುತ್ತದೆ ಎಂದು ತಂಗಿಯ ಮಗ ಅಶ್ವಿನ್ ಹೇಳಿದನಂತೆ.

“ಅವ್ರದ್ದೊಂದೇ ತೆಗ್ದು ಕೊಡು ವಸೀಮ. ಬೇರೆಯವ್ರದ್ದು ಬೇಡ. ಮನೇಲಿ ಸದ್ದೇ ಇಲ್ಲ.”

ವಸೀಮ ‘ಆಗ್ಲಿ ಅಮ್ಮ, ಮುಂದಿನ ವಾರ ಬನ್ನಿ’ ಎಂದುಬಿಟ್ಟ. ಹಿರಿಯರ ಮುಖಕ್ಕೆ ಇಲ್ಲ ಎನ್ನುವುದಿಲ್ಲವಲ್ಲ, ಅದೇ ರೋಗ. ಜೀಪು ತಿರುವು ದಾಟುವವರೆಗೆ ಕಾದು, ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಆ ಟ್ರ್ಯಾಕನ್ನು ತೆರೆದು ನನಗೆ ತೋರಿಸಿದ. ‘ಸುಬ್ಬಣ್ಣ’ ಎಂದು ಹೆಸರಿತ್ತು. ಬೇರೆಯವರ ಹೆಸರಿನ ಮುಂದೆ ಗುಡ್ಡ ಬೆಟ್ಟಗಳ ಹಾಗೆ ಏರಿಳಿಯುವ ಗೆರೆ. ಇವರ ಮುಂದೆ ಒಂದು ನೇರವಾದ ಗೆರೆ, ಮೊದಲಿನಿಂದ ಕೊನೆಯವರೆಗೆ.

ನನ್ನ ಲೋಕಜ್ಞಾನ ನನ್ನನ್ನು ಬಿಡಲಿಲ್ಲ. ಮಳೆಗಾಲದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯಿತು ಎಂದು ಹೇಳು, ಇಲ್ಲಿ ಚಪ್ಪಲಿಗೂ ಹಿಡಿಯುತ್ತದೆ, ಯಾರೂ ಅನುಮಾನ ಪಡುವುದಿಲ್ಲ ಎಂದೆ.

“ಅವ್ರಿದ್ದಾಗ ಒಂದು ಸುಳ್ಳು ಆಯ್ತಲ್ಲ ಗೌಡ್ರೇ. ಸತ್ಮೇಲೂ ಇನ್ನೊಂದಾ?” ಎಂದ. ಫಜಲುಲ್ಲಾ ಸಾಹೇಬರ ಮಗ. ಎಂಜಿನ್ನು ಸತ್ತಿದೆ ಎಂದು ಒಪ್ಪಿಕೊಳ್ಳುವ ಮೊದಲು ಪೂರ್ತಿ ಬಿಚ್ಚಿ ನೋಡುವ ಜಾತಿ.

ಆ ವಾರ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಸುಬ್ಬಣ್ಣನವರ ದನಿ ಅವರ ಮೈಕಿಗೆ ಸಿಕ್ಕಿರಲಿಲ್ಲ, ನಿಜ. ಆದರೆ ಅವರ ದನಿ ಸಾಮಾನ್ಯದ್ದಲ್ಲ, ಇಡೀ ಕೋಣೆಯಲ್ಲಿ ತುಂಬಿತ್ತು. ಎಲ್ಲರ ಮೈಕಿಗೂ ಅಷ್ಟಿಷ್ಟು ಹರಿದಿರಲೇಬೇಕು. ಒಬ್ಬೊಬ್ಬರ ಟ್ರ್ಯಾಕನ್ನೂ ಒಂಟಿಯಾಗಿ ಹಾಕಿಕೊಂಡು ಕೇಳಿದ. ಮೇಷ್ಟ್ರ ಹಾರ್ಮೋನಿಯಂ ಹಿಂದೆ ಸುಬ್ಬಣ್ಣ, ತಾಳದವರ ಹಿಂದೆ ಸುಬ್ಬಣ್ಣ, ಲಿಂಗಪ್ಪನ ಟ್ರ್ಯಾಕಿನಲ್ಲಂತೂ ಪಕ್ಕದಲ್ಲೇ ಕೂತ ಹಾಗೆ ಸುಬ್ಬಣ್ಣ. ಹಂಚುವ ಹಾಡಿನಲ್ಲಿ ಇವರು ಕೇಳಿಸಬಾರದು ಎಂದೇ ಅವನು ಆಗ ಎಷ್ಟೋ ಕಡೆ ಕತ್ತರಿ ಆಡಿಸಿದ್ದ. ಈಗ ಕತ್ತರಿಸಿ ಎಸೆದದ್ದನ್ನೇ ಹೆಕ್ಕಬೇಕಾಯಿತು.

ಬೆರೆತ ದನಿಗಳನ್ನು ಬೇರೆ ಮಾಡುವ ಹೊಸ ಸಾಫ್ಟ್‌ವೇರ್ ಒಂದಿದೆಯಂತೆ, ಅದಕ್ಕೂ ಕೊಟ್ಟು ನೋಡಿದ. ಅದು ಹಾಡುವ ದನಿಗಳನ್ನೆಲ್ಲ ಚೊಕ್ಕಟವಾಗಿ ಒಂದು ಕಡೆ ಇಟ್ಟು, ಸುಬ್ಬಣ್ಣನವರನ್ನು ಗದ್ದಲ ಎಂದು ತೀರ್ಮಾನಿಸಿ ಇನ್ನೊಂದು ಕಡೆಗೆ ಎಸೆದಿತ್ತು. ನನಗೆ ಇದನ್ನು ಹೇಳುವಾಗ ವಸೀಮ ನಗಲೂ ಆಗದೆ ಅಳಲೂ ಆಗದೆ ಕೂತಿದ್ದ. ಆದರೆ ಅದರಿಂದಲೇ ಉಪಕಾರವಾಯಿತು. ಆ ಗದ್ದಲದ ಫೈಲಿನಲ್ಲಿ ತಬಲದ ಗುದ್ದು, ಕುರ್ಚಿಯ ಕಿರುಗುಟ್ಟುವಿಕೆ, ಇವುಗಳ ನಡುವೆ ಒಬ್ಬರೇ ಒಬ್ಬರು ಹಾಡುವವರು ಉಳಿದಿದ್ದರು.

ಹಾಡುಗಳ ನಡುವಿನ ಜಾಗದಲ್ಲಿ ಇನ್ನೂ ಸಿಕ್ಕಿತು. ಯಂತ್ರ ನಿಂತೇ ಇರಲಿಲ್ಲವಲ್ಲ. ಸುಬ್ಬಣ್ಣನವರು ಕೆಮ್ಮುವುದು, ಫ್ಯಾನು ಆಫ್ ಮಾಡಲು ಹೇಳುವುದು, ಮೇಷ್ಟ್ರಿಗೆ ಇನ್ನೊಂದು ಕಡುಬು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡುವುದು. ಅವನ್ನೆಲ್ಲ ಒಂದೊಂದಾಗಿ ಆರಿಸಿ ಜೋಡಿಸಿದ. ಒಂದು ದಿನ ಬೆಳಿಗ್ಗೆ ನನ್ನನ್ನು ಕರೆದು, ಏನೂ ಹೇಳದೆ ಹೆಡ್‌ಫೋನ್ ಕಿವಿಗೆ ಇಟ್ಟ.

ಹೂಮಳೆಯ ಸದ್ದು. ದೂರದಲ್ಲಿ ಅಂಗಳದಿಂದ ‘ಎಷ್ಟು ಸೆಂಟು’ ಎಂದು ಕೂಗುವವರು. ಲಿಂಗಪ್ಪನ ಮೈಕಿನ ಹತ್ತಿರ ಬಾಗಿ, ಮೆಲ್ಲಗೆ, ಸುಬ್ಬಣ್ಣನವರು ಮಾತಾಡುತ್ತಿದ್ದರು.

“ನಂದಕ್ಕೆ ವೈರೇ ಕೊಟ್ಟಿಲ್ಲ ಮಾರಾಯ. ಕೋಲು ಜಾರಿ ಬಿತ್ತು ಅಂತ ಬಗ್ಗಿದೆ, ತುದಿ ಅಲ್ಲೇ ಗೋಣಿಚೀಲದ ಹಿಂದೆ ಬಿದ್ಕೊಂಡಿದೆ. ನೀನು ಹೇಳೋಕೆ ಹೋಗ್ಬೇಡ. ಪಾಪ, ಅವ್ನು ನೊಂದ್ಕೋತಾನೆ.”

ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಮುಂದೆ ಕೇಳುವ ತಾಳ್ಮೆ ನನಗಿರಲಿಲ್ಲ. ಕೆಂಡ ಮುಟ್ಟಿದ ಹಾಗಾಗಿತ್ತು. ಇದನ್ನು ಕತ್ತರಿಸಿ ಹಾಕು, ಆ ಹೆಂಗಸಿಗೆ ಕೇಳಿಸಬೇಡ ಎಂದು ಗದರಿದೆ. ತನ್ನ ಗಂಡನನ್ನು ನಾವೆಲ್ಲ ಸೇರಿ ಆಟ ಆಡಿಸಿದೆವು ಎಂದು ಗೊತ್ತಾದರೆ ಅವರು ಜೀವಮಾನದಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ. ನಿನ್ನದಂತೂ ನೋಡುವುದೇ ಇಲ್ಲ. ಕಡುಬು, ಕೆಮ್ಮು, ಹಾಡು ಇಷ್ಟು ಸಾಕು, ಕೊಟ್ಟು ಕಳಿಸು.

ವಸೀಮ ಲಿಂಗಪ್ಪನನ್ನೂ ಕೇಳಿಕೊಂಡು ಬಂದಿದ್ದನಂತೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು. ಹೇಳಬೇಡ ಎಂದಿದ್ದರು, ಹೇಳಲಿಲ್ಲ ಎಂದು ಲಿಂಗಪ್ಪ ಉತ್ತರ ಕೊಟ್ಟು ಸೌದೆ ಒಡೆಯಲು ಹೋದನಂತೆ. ಅವನಿಗೆ ಅದು ಅಷ್ಟೇ ಸರಳ.

ಕತ್ತರಿಸುವುದು ಒಂದು ಕ್ಷಣದ ಕೆಲಸ. ಆದರೆ ಇಡೀ ರೆಕಾರ್ಡಿಂಗಿನಲ್ಲಿ ಸುಬ್ಬಣ್ಣನವರ ದನಿ ಮೈಕಿಗೆ ಹತ್ತಿರವಾಗಿ, ಸ್ಪಷ್ಟವಾಗಿ, ಬೇರೆ ಯಾರೂ ಬೆರೆಯದೆ ಸಿಕ್ಕಿದ್ದು ಅದೊಂದೇ ಕಡೆ. ಉಳಿದದ್ದೆಲ್ಲ ಗೋಡೆಯಾಚೆಯಿಂದ ಕೇಳಿದ ಹಾಗಿತ್ತು. ವಸಂತಮ್ಮನವರು ಕೇಳಿದ್ದು ದನಿ. ಇರುವ ಒಂದು ಒಳ್ಳೆಯ ದನಿಯನ್ನು ತನ್ನ ಮುಖ ಉಳಿಸಿಕೊಳ್ಳಲು ಬಚ್ಚಿಡುವುದು ಹೇಗೆ ಎಂದು ವಸೀಮ ಕೇಳಿದ. ನನಗೆ ಸಿಟ್ಟು ಬಂತು. ನಿನ್ನ ಹಣೆಬರಹ ಎಂದು ಹೇಳಿ ಎದ್ದುಬಂದೆ.

ಹೇಳಿದ ದಿನ ವಸಂತಮ್ಮನವರು ಬಂದರು. ನಾನು ಹೋಗಬಾರದು ಎಂದುಕೊಂಡವನು ಕಾಫಿ ಹಿಡಿದುಕೊಂಡು ಹೋಗಿಯೇಬಿಟ್ಟೆ. ವಸೀಮ ಅವರನ್ನು ಕೂರಿಸಿದ್ದ, ಗೋಡೆಯ ಪಕ್ಕದ ಅದೇ ಕುರ್ಚಿಯಲ್ಲಿ. ಯಂತ್ರವನ್ನು ಮುಟ್ಟುವ ಮೊದಲು ಅವರ ಎದುರು ನೆಲದ ಮೇಲೆ ಕೂತ.

“ಅಮ್ಮ, ಮೊದ್ಲು ಒಂದು ಮಾತು ಹೇಳ್ಬೇಕು. ಅವತ್ತು ಅವ್ರ ಮೈಕಿಗೆ ನಾನು ವೈರು ಕೊಟ್ಟಿರ್ಲಿಲ್ಲ. ಶ್ರುತಿ ಸೇರಲ್ಲ ಅಂತ.”

ವಸಂತಮ್ಮನವರು, ಹೀಗೆ ಮಾಡು ಎಂದು ಯಾರು ಹೇಳಿದರು ಎಂದು ಕೇಳಿದರು. ನಾನೇ ಮಾಡಿದ್ದು ಎಂದ ವಸೀಮ, ಮೇಷ್ಟ್ರ ಹೆಸರು ಎತ್ತಲಿಲ್ಲ. ಅವರು ಎದ್ದು ಹೋಗಿಬಿಡುತ್ತಾರೆ ಎಂದು ನನಗನಿಸಿತು. ಆದರೆ ಅವರು ಬಂದದ್ದು ದನಿಗಾಗಿ, ಅದು ಸಿಗದೆ ಏಳುವಂತಿರಲಿಲ್ಲ. ಇದೆಯೋ ಇಲ್ಲವೋ ಅಷ್ಟು ಹೇಳು ಎಂದರು. ಇದೆ ಎಂದ, ಹಾಕಿದ.

ಹೆಡ್‌ಫೋನ್ ಬೇಡ ಎಂದು ಸ್ಪೀಕರಿನಲ್ಲೇ ಹಾಕಿಸಿಕೊಂಡರು. ಮೊದಲು ಕೆಮ್ಮು. ಆ ಕೆಮ್ಮಿಗೇ ಅವರ ಮುಖ ಬದಲಾಯಿತು. ಆಮೇಲೆ ಕಡುಬಿನ ಒತ್ತಾಯ, ಫ್ಯಾನಿನ ತಕರಾರು. ಆಮೇಲೆ ಮಳೆ ಬಂತು, ನಾನು ನೆಲ ನೋಡಿದೆ. ವೈರಿನ ಮಾತು, ಗೋಣಿಚೀಲದ ಮಾತು, ಹೇಳಬೇಡ ಎಂಬ ಮಾತು ಬಂತು. ನಾನು ಅವತ್ತು ಹೆಡ್‌ಫೋನ್ ಕಿತ್ತದ್ದು ಅಲ್ಲಿಗೆ. ಸುಬ್ಬಣ್ಣನವರು ಅಲ್ಲಿಗೆ ನಿಲ್ಲಿಸಿರಲಿಲ್ಲ.

“ನಂಗೇನು ಇವತ್ತು ಗೊತ್ತಾಗಿದ್ದಾ ಲಿಂಗಪ್ಪ? ನನ್ನ ಶ್ರುತಿ ನಂಗೆ ಗೊತ್ತಿಲ್ವಾ. ವಸಂತ ಇಷ್ಟು ವರ್ಷದಲ್ಲಿ ಒಂದು ಸಲ ಬಾಯಿಬಿಟ್ಟು ಹೇಳ್ಲಿಲ್ಲ ನೋಡು. ಅವ್ಳು ಹೇಳಿದ್ದಿದ್ರೆ ಅ‌ವತ್ತೇ ನಿಲ್ಲಿಸ್ತಿದ್ದೆ. ಹೇಳ್ಲಿಲ್ಲ, ಹಾಡ್ತಾ ಬಂದೆ.”

ಮಳೆಯ ಸದ್ದು ಸ್ವಲ್ಪ ಹೊತ್ತು ಬಂತು, ಲಿಂಗಪ್ಪ ತಬಲದ ಮೇಲೆ ಬೆರಳಾಡಿಸಿದ್ದು ಬಂತು. ವಸೀಮ ನಿಲ್ಲಿಸಿದ. ವಸಂತಮ್ಮನವರು ನಗುತ್ತಿದ್ದರು. ಸೆರಗಿನ ತುದಿ ಬಾಯಿಗೆ ಹಿಡಿದು ನಗುತ್ತಾ ಇದ್ದವರು, ನೋಡುತ್ತಿದ್ದ ಹಾಗೆಯೇ ಅಳತೊಡಗಿದರು. ಯಜಮಾನರು ತೀರಿಕೊಂಡ ದಿನ ಕೂಡ ಅವರು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ.

“ಅವ್ರು ಹಾಡೋಕೆ ಕೂತ್ರೆ ನಾನು ಮಿಕ್ಸಿ ಹಾಕ್ತಿದ್ದೆ,” ಎಂದರು. “ಅದೂ ಗೊತ್ತಿತ್ತು ಹಾಗಾದ್ರೆ. ಒಂದ್ಸಲ ಹೇಳಿದ್ದಿದ್ರೆ ಇಬ್ರೂ ಕೂತು ನಗ್ತಿದ್ವಲ್ಲ.”

ವಸೀಮ ತಲೆ ಎತ್ತಲಿಲ್ಲ. ಕಾಫಿ ಆರಿಹೋಗಿದೆ, ಬೇರೆ ತರುತ್ತೇನೆ ಎಂದು ನಾನು ಏನೋ ಅಂದೆ. ಬೇಡ, ಕೂತ್ಕೊಳ್ಳಿ ಎಂದರು. ಕಣ್ಣು ಒರೆಸಿಕೊಂಡು ವಸೀಮನ ಕಡೆ ತಿರುಗಿ, ಇದರಲ್ಲಿ ಅವರು ಹಾಡಿದ್ದು ಇದೆಯಾ ಎಂದು ಕೇಳಿದರು. ಇದೆ, ಆದರೆ ಗದ್ದಲದ ನಡುವೆ ಇದೆ, ಚೆನ್ನಾಗಿ ಬಂದಿಲ್ಲ ಎಂದ.

“ಚೆನ್ನಾಗಿರಲ್ಲ ಅಂತ ನಂಗೆ ಗೊತ್ತಿಲ್ವಾ. ಹಾಕು. ದೊಡ್ಡದಾಗಿ ಹಾಕು.”

ವಸೀಮ ಹಾಕಿದ. ಬೇಸುರವೇ. ಮೂವರೂ ಕೊನೆಯವರೆಗೆ ಕೂತು ಕೇಳಿದೆವು.